ಡೀಸೆಲ್ ಎಂಜಿನ್‌ಗಳಿಗೆ ಪರ್ಯಾಯ ಇಂಧನ: ಠರಾವಿಗೆ ಮುನ್ನ ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಬಹುಭಾಗ ಮಳೆಯಾಶ್ರಿತ ಪ್ರದೇಶ. ತುಂಗಭದ್ರೆಯ ದಡದ ಊರುಗಳಲ್ಲಿ ನದಿಯ ನೀರನ್ನು ಹೊಲಕ್ಕೆ ಎತ್ತುವ ಪಂಪು, ಮೆಕ್ಕೆಜೋಳ ಬಿಡಿಸುವ ಯಂತ್ರ, ಉಳುಮೆಯ ಟ್ರ್ಯಾಕ್ಟರ್, ವಿದ್ಯುತ್ ಕೈಕೊಟ್ಟಾಗ ಕುಡಿಯುವ ನೀರಿನ ಪಂಪನ್ನು ನಡೆಸುವ ಜನರೇಟರ್ ಇವೆಲ್ಲವೂ ಡೀಸೆಲ್ ಎಂಜಿನ್‌ಗಳೇ. ಡೀಸೆಲ್ ದರ ಏರಿದಾಗಲೆಲ್ಲ ರೈತನ ಬಾಡಿಗೆಯೂ ಗ್ರಾಮ ಪಂಚಾಯಿತಿಯ ನೀರು ಪೂರೈಕೆಯ ವೆಚ್ಚವೂ ಏರುತ್ತವೆ. ಅದೇ ಹೊತ್ತಿಗೆ ಹೊಂಗೆಯ ಬೀಜ, ದನದ ಸಗಣಿ, ಬಳ್ಳಾರಿ ಜಾಲಿಯ ಕಟ್ಟಿಗೆ, ಮೆಕ್ಕೆಜೋಳದ ದಿಂಡು ಊರಿನಲ್ಲೇ ದೊರೆಯುತ್ತವೆ. ಇವುಗಳಿಂದ ಎಂಜಿನ್ ನಡೆಸಬಹುದೇ ಎಂಬ ಪ್ರಶ್ನೆ ಸಹಜ.

ನಡೆಸಬಹುದು ಎಂಬುದು ಅದಕ್ಕೆ ಚಿಕ್ಕ ಉತ್ತರ. ಯಾವ ಎಂಜಿನ್ನನ್ನು, ಯಾವ ಇಂಧನದಿಂದ, ಯಾವ ಬದಲಾವಣೆಯೊಂದಿಗೆ, ಯಾವ ಲೆಕ್ಕದ ಮೇಲೆ ಎಂಬುದು ದೀರ್ಘ ಉತ್ತರ. ಈ ದೀರ್ಘ ಉತ್ತರವನ್ನು ತಿಳಿಯದೆ ಕೈಗೊಂಡ ಠರಾವು ಬೇಸಿಗೆಯ ನಡುವೆ ಊರಿನ ನೀರಿನ ಜನರೇಟರನ್ನೇ ಕೆಡಿಸಿ ನಿಲ್ಲಿಸಬಹುದು. ತಿಳಿದು ಕೈಗೊಂಡ ಠರಾವು ಊರಿನ ಹಣವನ್ನು ಊರಿನಲ್ಲೇ ಉಳಿಸಬಹುದು. ಆ ವ್ಯತ್ಯಾಸವನ್ನು ಸ್ಪಷ್ಟಪಡಿಸುವುದೇ ಈ ಲೇಖನದ ಉದ್ದೇಶ.

ಎಂಜಿನ್ ಉರಿಯುವ ಬಗೆ

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯಿಲ್ಲ. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಸುಮಾರು 16ರಿಂದ 20ನೇ ಒಂದು ಭಾಗಕ್ಕೆ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಕ್ಷಣದಲ್ಲಿ ನಾಜಲ್ ಇಂಧನವನ್ನು ಮಂಜಿನಂತೆ ಸಿಂಪಡಿಸುತ್ತದೆ, ಅದು ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಇಂಧನಕ್ಕೆ ಎರಡು ಗುಣಗಳು ಅತ್ಯಗತ್ಯ. ಒಂದು, ಬಿಸಿಗಾಳಿಯಲ್ಲಿ ತಡಮಾಡದೆ ಹೊತ್ತಿಕೊಳ್ಳಬೇಕು. ಎರಡು, ನಾಜಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಸರಾಗವಾಗಿ ಹರಿದು ಸಣ್ಣ ಹನಿಗಳಾಗಿ ಒಡೆಯಬೇಕು.

ಸಸ್ಯಜನ್ಯ ಎಣ್ಣೆಯಿಂದ ಈ ಎಂಜಿನ್ ನಡೆಸುವುದು ಹೊಸ ಯೋಚನೆಯಲ್ಲ. ಇದನ್ನು ರೂಪಿಸಿದ ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಮೊದಲ ಯಶಸ್ವಿ ಎಂಜಿನ್ನನ್ನು ಪರೀಕ್ಷಿಸಿದನು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಫ್ರಾನ್ಸಿನ ಕಂಪನಿಯೊಂದು ಆ ಬಗೆಯ ಸಣ್ಣ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ನಡೆಸಿ ತೋರಿಸಿತು. ಶೇಂಗಾ ಹೇರಳವಾಗಿ ಬೆಳೆಯುವ ಆಫ್ರಿಕಾದ ವಸಾಹತುಗಳಿಗೆ ಅಲ್ಲಿಯ ಎಣ್ಣೆಯಿಂದಲೇ ಶಕ್ತಿ ದೊರೆಯಲಿ ಎಂಬುದು ಆ ಪ್ರಯೋಗದ ಹಿಂದಿದ್ದ ಆಲೋಚನೆ. ಅನಂತರ ಖನಿಜ ತೈಲ ಅಗ್ಗವಾಗಿ ದೊರೆತದ್ದರಿಂದ ಎಂಜಿನ್‌ಗಳನ್ನು ತೆಳುವಾದ ಡೀಸೆಲ್ಲಿಗೆ ಹೊಂದುವಂತೆ ಕಟ್ಟಲಾಯಿತು. ಇಂದು ಕೂಡ್ಲಿಗಿ, ಹರಪನಹಳ್ಳಿಯ ಹೊಲಗಳಲ್ಲಿ ಶೇಂಗಾ ಬೆಳೆಯುತ್ತಿದ್ದರೂ ಅದರ ಎಣ್ಣೆ ಡೀಸೆಲ್ಲಿಗಿಂತ ದುಬಾರಿ, ಮೇಲಾಗಿ ಅದು ಮನುಷ್ಯರ ಆಹಾರ. ಆದ್ದರಿಂದ ಎಂಜಿನ್ನಿನ ಮಟ್ಟಿಗೆ ವಿಚಾರ ಮಾಡಬೇಕಾದದ್ದು ತಿನ್ನಲು ಬಾರದ ಎಣ್ಣೆಗಳನ್ನು ಮತ್ತು ಊರಿನ ತ್ಯಾಜ್ಯದಿಂದ ಬರುವ ಅನಿಲಗಳನ್ನು ಮಾತ್ರ.

ಮೊದಲನೆಯ ದಾರಿ: ಹೊಂಗೆ ಎಣ್ಣೆ

ಈ ಭಾಗದಲ್ಲಿ ಹುಲಗಲ ಎಂದೂ ಕರೆಯುವ ಹೊಂಗೆ ಬರಗಾಲವನ್ನು ತಾಳುವ ಮರ. ಹಳ್ಳದ ದಂಡೆ, ರಸ್ತೆಬದಿ, ಹೊಲದ ಬದು, ಕೆರೆಯ ಏರಿ ಎಲ್ಲಿಯಾದರೂ ನಿಲ್ಲುತ್ತದೆ. ದನ, ಕುರಿಗಳು ಇದನ್ನು ಅಷ್ಟಾಗಿ ಮೇಯುವುದಿಲ್ಲ. ಬೀಜದಲ್ಲಿ ನೂರಕ್ಕೆ 25ರಿಂದ 35 ಭಾಗ ಎಣ್ಣೆಯಿದೆ. ಗಾಣದಲ್ಲಿ ಸುಮಾರು 4 ಕಿಲೋ ಬೀಜಕ್ಕೆ 1 ಲೀಟರ್ ಎಣ್ಣೆ, 3 ಕಿಲೋ ಹಿಂಡಿ ದೊರೆಯುತ್ತವೆ. ಹಿಂಡಿ ದನಗಳ ಮೇವಿಗೆ ಯೋಗ್ಯವಲ್ಲ, ಹೊಲಕ್ಕೆ ಉತ್ತಮ ಗೊಬ್ಬರ.

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲಿ ಕಗ್ಗನಹಳ್ಳಿ ಎಂಬ ಒಣಭೂಮಿಯ ಹಳ್ಳಿಯಲ್ಲಿ ಈ ಎಣ್ಣೆಯನ್ನು ಬಳಕೆಗೆ ತಂದರು. ಅಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್‌ಗಳನ್ನು ನಡೆಸಿ, ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರನ್ನು ಎತ್ತಿ ಹೊಲಗಳಿಗೆ ಹರಿಸಲಾಯಿತು. ಎಂಜಿನ್ನಿನಷ್ಟೇ ಬೀಜ ಸಂಗ್ರಹಿಸುವವರೂ ನೀರು ಪಡೆಯುವವರೂ ಒಂದೇ ವ್ಯವಸ್ಥೆಯೊಳಗೆ ಇದ್ದದ್ದು ಅಲ್ಲಿಯ ವಿಶೇಷ.

ಆದರೆ ಹೊಂಗೆ ಎಣ್ಣೆಯನ್ನು ಡೀಸೆಲ್ ಟ್ಯಾಂಕಿಗೆ ನೇರವಾಗಿ ಸುರಿದು ಎಂಜಿನ್ ಚಾಲೂ ಮಾಡಿದರೆ ಕೆಲವು ದಿನ ಓಡಿ ಆಮೇಲೆ ತೊಂದರೆ ಕಾಣಿಸಿಕೊಳ್ಳುತ್ತದೆ. ಕಾರಣ ಅದರ ಸ್ನಿಗ್ಧತೆ, ಅಂದರೆ ಹರಿವಿನಲ್ಲಿರುವ ಮಂದತನ. ಡೀಸೆಲ್ಲಿಗಿಂತ ಹೊಂಗೆ ಎಣ್ಣೆ ಸುಮಾರು ಹತ್ತು ಪಟ್ಟು ಮಂದ. ನಾಜಲ್ಲಿನಿಂದ ಅದು ಮಂಜಾಗಿ ಬರದೆ ದಪ್ಪ ಹನಿಗಳಾಗಿ ಬರುತ್ತದೆ, ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ನಾಜಲ್ಲಿನ ತುದಿಯಲ್ಲಿ ಕರಿಯಾಗಿ ಕಟ್ಟುತ್ತದೆ, ಪಿಸ್ಟನ್ ರಿಂಗುಗಳನ್ನು ಅಂಟಿಸುತ್ತದೆ, ಕೆಳಗಿಳಿದು ಎಂಜಿನ್ ಆಯಿಲ್ ಜೊತೆ ಸೇರಿ ಅದನ್ನು ಗಟ್ಟಿಯಾಗಿಸುತ್ತದೆ. ಮುಂದಿನದು ಎಂಜಿನ್ ಬಿಚ್ಚಿ ಬೋರ್ ಮಾಡಿಸುವ ಖರ್ಚು.

ಇದನ್ನು ತಪ್ಪಿಸುವ ಕ್ರಮ ಕಷ್ಟದ್ದಲ್ಲ, ಆದರೆ ಶಿಸ್ತಿನದು. ಎಂಜಿನ್ನಿಗೆ ಎರಡು ಟ್ಯಾಂಕುಗಳಿರಬೇಕು, ಒಂದರಲ್ಲಿ ಡೀಸೆಲ್, ಇನ್ನೊಂದರಲ್ಲಿ ಚೆನ್ನಾಗಿ ಸೋಸಿದ ಎಣ್ಣೆ. ಎಂಜಿನ್ನನ್ನು ಡೀಸೆಲ್ಲಿನಿಂದಲೇ ಚಾಲೂ ಮಾಡಬೇಕು. ಸೈಲೆನ್ಸರಿನ ಹೊಗೆಯ ಶಾಖದಿಂದಲೋ ರೇಡಿಯೇಟರಿನ ಬಿಸಿನೀರಿನಿಂದಲೋ ಎಣ್ಣೆಯನ್ನು 70ರಿಂದ 90 ಡಿಗ್ರಿಯವರೆಗೆ ಕಾಯಿಸಿದರೆ ಅದು ತೆಳುವಾಗುತ್ತದೆ. ಎಂಜಿನ್ನೂ ಎಣ್ಣೆಯೂ ಕಾದ ಮೇಲೆ ಕವಾಟ ತಿರುಗಿಸಿ ಎಣ್ಣೆಗೆ ಬದಲಾಯಿಸಬೇಕು. ನಿಲ್ಲಿಸುವುದಕ್ಕೆ ಐದಾರು ನಿಮಿಷ ಮೊದಲು ಮತ್ತೆ ಡೀಸೆಲ್ಲಿಗೆ ಮರಳಬೇಕು. ಆಗ ಪಂಪು, ನಾಜಲ್ಲುಗಳಲ್ಲಿ ಉಳಿದ ಎಣ್ಣೆ ತೊಳೆದುಹೋಗುತ್ತದೆ. ಈ ಕೊನೆಯ ಐದು ನಿಮಿಷವನ್ನು ಮರೆಯುವ ಆಪರೇಟರ್ ಇರುವ ಕಡೆ ಈ ದಾರಿ ಬೇಡ. ಎಂಜಿನ್ ಆಯಿಲನ್ನು ವಾಡಿಕೆಗಿಂತ ಅರ್ಧ ಅವಧಿಗೇ ಬದಲಿಸಬೇಕು, ಫಿಲ್ಟರ್ ಮತ್ತು ನಾಜಲ್ಲನ್ನು ಆಗಾಗ ಪರೀಕ್ಷಿಸಬೇಕು. ತಾಜಾ ಬೀಜದ, ನೀರಿನಂಶವಿಲ್ಲದ ಎಣ್ಣೆಯನ್ನೇ ಬಳಸಬೇಕು. ಮಳೆಯಲ್ಲಿ ನೆನೆದು ಮುಗ್ಗಿದ ಬೀಜದ ಎಣ್ಣೆ ಹುಳಿಯೇರಿ ಲೋಹವನ್ನು ತಿನ್ನುತ್ತದೆ.

ಎರಡನೆಯ ದಾರಿ: ಬಯೋಡೀಸೆಲ್

ಎಂಜಿನ್ನನ್ನು ಎಣ್ಣೆಗೆ ಹೊಂದಿಸುವ ಬದಲು ಎಣ್ಣೆಯನ್ನೇ ಎಂಜಿನ್ನಿಗೆ ಹೊಂದಿಸುವುದು ಎರಡನೆಯ ದಾರಿ. ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕ್ಷಾರವನ್ನು ಬೆರೆಸಿ ಕಾಯಿಸಿದರೆ ಎಣ್ಣೆಯ ದೊಡ್ಡ ಅಣುಗಳು ಒಡೆದು ತೆಳುವಾದ ಬಯೋಡೀಸೆಲ್ ಆಗುತ್ತದೆ, ತಳದಲ್ಲಿ ಗ್ಲಿಸರಿನ್ ಉಳಿಯುತ್ತದೆ. ಇದರ ಮಂದತನ ಡೀಸೆಲ್ಲಿಗೆ ಸಮೀಪ. ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಬೇಕಿಲ್ಲ. ಹಳೆಯ ಎಂಜಿನ್ನಿನ ರಬ್ಬರ್ ಪೈಪು, ಸೀಲುಗಳು ಮೆತ್ತಗಾಗುವುದರಿಂದ ಅವುಗಳನ್ನು ಬದಲಿಸಬೇಕು. ಟ್ಯಾಂಕಿನಲ್ಲಿ ಹಿಂದಿನಿಂದ ಕಟ್ಟಿದ ಕೊಳೆಯನ್ನು ಇದು ಕರಗಿಸುವುದರಿಂದ ಮೊದಲ ಕೆಲವು ವಾರ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಬಯೋಡೀಸೆಲ್ಲಿನ ಗುಣಮಟ್ಟಕ್ಕೆ ಐಎಸ್ 15607 ಎಂಬ ಭಾರತೀಯ ಮಾನಕವಿದೆ. ಕರ್ನಾಟಕ ಸರ್ಕಾರ 2009ರಲ್ಲಿ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿ, ಅನಂತರ ಇದಕ್ಕಾಗಿಯೇ ರಾಜ್ಯ ಮಟ್ಟದ ಮಂಡಳಿಯನ್ನು ರಚಿಸಿತು. ರೈತರ ಬದುಗಳಲ್ಲಿ ಮತ್ತು ಪಾಳು ಭೂಮಿಯಲ್ಲಿ ಹೊಂಗೆ, ಬೇವು, ಹಿಪ್ಪೆಯಂತಹ ಮರಗಳನ್ನು ಬೆಳೆಸಲು ‘ಬರಡು ಬಂಗಾರ’, ‘ಹಸಿರು ಹೊನ್ನು’ ಎಂಬ ಕಾರ್ಯಕ್ರಮಗಳು ಬಂದವು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ರೂಪುಗೊಂಡಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ವೇಳೆಗೆ ಡೀಸೆಲ್ಲಿನಲ್ಲಿ ನೂರಕ್ಕೆ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿಯನ್ನು ಸೂಚಿಸಿದೆ.

ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಎಚ್ಚರ ಬೇಕಾದದ್ದು ತಯಾರಿಕೆಯಲ್ಲಿ. ಮೆಥನಾಲ್ ವಿಷ, ಕುಡಿದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಅದರ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆದ್ದರಿಂದ ಮನೆಯ ಹಿತ್ತಲಿನಲ್ಲಿ, ಸ್ವಸಹಾಯ ಸಂಘದ ಕೊಠಡಿಯಲ್ಲಿ ಬಯೋಡೀಸೆಲ್ ತಯಾರಿಸಲು ಯಾರಾದರೂ ತರಬೇತಿ ಕೊಡಲು ಬಂದರೆ ಒಪ್ಪಬಾರದು. ಊರಿನಲ್ಲಿ ಆಗಬೇಕಾದದ್ದು ಬೀಜ ಸಂಗ್ರಹ, ಒಣಗಿಸುವಿಕೆ, ಹೆಚ್ಚೆಂದರೆ ಗಾಣ. ರಾಸಾಯನಿಕ ಕ್ರಿಯೆ ನಡೆಯಬೇಕಾದದ್ದು ಪರವಾನಗಿಯಿರುವ ಘಟಕದಲ್ಲಿ.

ಮೂರನೆಯ ದಾರಿ: ಸಗಣಿಯ ಅನಿಲ ಮತ್ತು ಕಟ್ಟಿಗೆಯ ಅನಿಲ

ಡೀಸೆಲ್ ಎಂಜಿನ್ನಿಗೆ ಅನಿಲವನ್ನು ಗಾಳಿಯ ಜೊತೆಗೇ ಉಣಿಸಬಹುದು. ಗಾಳಿ ಒಳಹೋಗುವ ಕೊಳವೆಗೆ ಒಂದು ಮಿಶ್ರಕವನ್ನು ಅಳವಡಿಸಿದರೆ ಸಾಕು. ಕಿಡಿಯಿಲ್ಲದ್ದರಿಂದ ಅನಿಲ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಅದನ್ನು ಹೊತ್ತಿಸಲು ನೂರಕ್ಕೆ 15ರಿಂದ 20ರಷ್ಟು ಡೀಸೆಲ್ ಬೇಕೇ ಬೇಕು. ಇದಕ್ಕೆ ಜೋಡಿ ಇಂಧನ ಪದ್ಧತಿ ಎನ್ನುತ್ತಾರೆ. ಅನಿಲ ತೀರಿದರೆ ಎಂಜಿನ್ ಪೂರ್ತಿ ಡೀಸೆಲ್ಲಿನ ಮೇಲೆ ಓಡುತ್ತದೆ, ನಿಲ್ಲುವುದಿಲ್ಲ. ಕುಡಿಯುವ ನೀರಿನಂತಹ ಕೆಲಸಕ್ಕೆ ಇದು ದೊಡ್ಡ ಅನುಕೂಲ.

ಈ ಪದ್ಧತಿಗೆ ನಾಡಿನಲ್ಲೇ ಒಳ್ಳೆಯ ನಿದರ್ಶನವಿದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಮೊದಲು ಅಡುಗೆಗಾಗಿ ಸಮುದಾಯ ಗೋಬರ್ ಗ್ಯಾಸ್ ಘಟಕವನ್ನು ಕಟ್ಟಿದರು. ಊರಿನ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲದೆ ಆ ಪ್ರಯತ್ನ ಕೈಗೂಡಲಿಲ್ಲ. ಆಗ ಊರಿನವರಿಗೆ ನಿಜವಾಗಿ ಬೇಕಾದದ್ದೇನು ಎಂಬ ಪ್ರಶ್ನೆ ಎದ್ದಿತು. ಹೆಣ್ಣುಮಕ್ಕಳಿಗೆ ಬೇಕಿದ್ದದ್ದು ಶುದ್ಧವಾದ ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಸುಮಾರು 5 ಕಿಲೋವ್ಯಾಟ್‌ನ ಡೀಸೆಲ್ ಜನರೇಟರನ್ನು ಜೋಡಿ ಇಂಧನದಲ್ಲಿ ನಡೆಸಿ ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಏರಿಸಲಾಯಿತು, ಮನೆಗಳಿಗೆ ದೀಪ ಬಂದಿತು. ಸಗಣಿ ತಂದವರಿಗೆ ತೂಕದ ಮೇಲೆ ಹಣ ಸಿಗುತ್ತಿತ್ತು, ಅವರ ಪಾಲಿನ ಬಗ್ಗಡ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಸಗಣಿಯೂ ಘಟಕವೂ ಅವೇ ಆಗಿದ್ದವು, ಬದಲಾದದ್ದು ಉದ್ದೇಶ ಮಾತ್ರ. ಯಂತ್ರವನ್ನು ಆರಿಸುವ ಮೊದಲು ಅಗತ್ಯವನ್ನು ಆರಿಸಬೇಕು ಎಂಬುದು ಪುರದ ಪಾಠ.

ಸಗಣಿಯ ಲೆಕ್ಕವನ್ನು ಸದಸ್ಯರು ತಾವೇ ಮಾಡಬಹುದು. ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.425 ಘನ ಮೀಟರ್ ಅನಿಲ ಬೇಕು. 5 ಅಶ್ವಶಕ್ತಿಯ ಎಂಜಿನ್ ದಿನಕ್ಕೆ 4 ಗಂಟೆ ಓಡಲು 8.5 ಘನ ಮೀಟರ್ ಬೇಕಾಗುತ್ತದೆ. 25 ಕಿಲೋ ಸಗಣಿಗೆ ಒಂದು ಘನ ಮೀಟರ್ ಅನಿಲ ಎಂದರೆ ದಿನಕ್ಕೆ 210 ಕಿಲೋಗಿಂತ ಹೆಚ್ಚು ಸಗಣಿ. ಒಂದು ದನಕ್ಕೆ 10 ಕಿಲೋ ಎಂದು ಹಿಡಿದರೆ 22 ದನಗಳ ಸಗಣಿ ಪ್ರತಿದಿನವೂ ತಪ್ಪದೆ ಬರಬೇಕು. ಇದರಿಂದ ಉಳಿಯುವ ಡೀಸೆಲ್ ದಿನಕ್ಕೆ ಸುಮಾರು 3 ಲೀಟರ್. ಬೇಸಿಗೆಯಲ್ಲಿ ದನಗಳು ಮೇವಿಗಾಗಿ ದೂರ ಹೋಗುವ ಊರಿನಲ್ಲಿ ಈ ಲೆಕ್ಕ ಕೈಕೊಡುತ್ತದೆ. ಗೋಶಾಲೆ ಅಥವಾ ಹಾಲಿನ ದನಗಳ ದೊಡ್ಡ ಕೊಟ್ಟಿಗೆ ಇರುವ ಕಡೆ ಇದು ನಿಲ್ಲುತ್ತದೆ. ಅನಿಲದಲ್ಲಿರುವ ಗಂಧಕದ ಅಂಶ ಎಂಜಿನ್ನನ್ನು ಕೊರೆಯುವುದರಿಂದ ತುಕ್ಕು ಹಿಡಿದ ಕಬ್ಬಿಣದ ಚೂರುಗಳ ಮೂಲಕ ಅದನ್ನು ಹಾಯಿಸಿ ಶುದ್ಧಿಗೊಳಿಸಬೇಕು.

ಕಟ್ಟಿಗೆಯ ಅನಿಲದ ನಿದರ್ಶನವೂ ಕುಣಿಗಲ್ ತಾಲ್ಲೂಕಿನದೇ. ಹೊಸಹಳ್ಳಿ ಎಂಬ ಊರಿನಲ್ಲಿ 1988ರಲ್ಲಿ 3.7 ಕಿಲೋವ್ಯಾಟ್‌ನ ಗ್ಯಾಸಿಫೈಯರ್ ಘಟಕ ಆರಂಭವಾಯಿತು. ಕಟ್ಟಿಗೆಯ ತುಂಡುಗಳನ್ನು ಸಾಕಷ್ಟು ಗಾಳಿ ಕೊಡದೆ ಅರೆಬರೆ ಉರಿಸಿದಾಗ ಹೊರಡುವ ಅನಿಲವನ್ನು ತಣಿಸಿ, ಸೋಸಿ, ಡೀಸೆಲ್ ಎಂಜಿನ್ನಿಗೆ ಕೊಡಲಾಯಿತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಅದರಿಂದ ನಡೆದವು. ಕಟ್ಟಿಗೆಗಾಗಿ ಊರಿನವರೇ ಸುಮಾರು 2 ಹೆಕ್ಟೇರ್ ನೆಡುತೋಪು ಬೆಳೆಸಿದ್ದರು. ಮುಂದೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಇದೇ ತತ್ವದ ದೊಡ್ಡ ಘಟಕಗಳು ಬಂದು ವಿದ್ಯುತ್ ಜಾಲಕ್ಕೆ ವಿದ್ಯುತ್ ನೀಡಿದವು.

ಈ ಐದು ತಾಲ್ಲೂಕುಗಳಲ್ಲಿ ಕೆರೆಯಂಗಳ, ಹಳ್ಳಗಳನ್ನು ಆವರಿಸಿರುವ ಬಳ್ಳಾರಿ ಜಾಲಿಯ ಕಟ್ಟಿಗೆ ಗಟ್ಟಿಯಾದುದು, ಗ್ಯಾಸಿಫೈಯರಿಗೆ ಒಗ್ಗುತ್ತದೆ. ಮೆಕ್ಕೆಜೋಳದ ದಿಂಡೂ ಆಗುತ್ತದೆ. ಶೇಂಗಾ ಸಿಪ್ಪೆ ಹಗುರವಾದ್ದರಿಂದ ಇಟ್ಟಿಗೆಯಂತೆ ಒತ್ತಿದ ಮೇಲೆಯೇ ಬಳಸಬೇಕು. ಒಂದು ಲೀಟರ್ ಡೀಸೆಲ್ಲಿನ ಕೆಲಸಕ್ಕೆ 3.5ರಿಂದ 4 ಕಿಲೋ ಚೆನ್ನಾಗಿ ಒಣಗಿದ ಕಟ್ಟಿಗೆ ಬೇಕು. ಹಸಿ ಕಟ್ಟಿಗೆ ಹಾಕಿದರೆ ಟಾರು ಹೆಚ್ಚಿ ಎಂಜಿನ್ನಿನ ಕವಾಟಗಳು ಅಂಟಿಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮನುಷ್ಯನನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಗ್ಯಾಸಿಫೈಯರನ್ನು ನಾಲ್ಕೂ ಕಡೆ ತೆರೆದ ಚಪ್ಪರದ ಕೆಳಗಲ್ಲದೆ ಬೇರೆಡೆ ಇಡಬಾರದು.

ಯಾವ ಎಂಜಿನ್ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ

ನಿಮಿಷಕ್ಕೆ 1000ದಿಂದ 1500 ಸುತ್ತು ತಿರುಗುವ, ಸರಳವಾದ ಫ್ಯೂಯಲ್ ಪಂಪಿರುವ ಹಳೆಯ ಮಾದರಿಯ ಪಂಪ್‌ಸೆಟ್ ಮತ್ತು ಗಿರಣಿ ಎಂಜಿನ್‌ಗಳು ಪರ್ಯಾಯ ಇಂಧನವನ್ನು ಹೆಚ್ಚು ತಾಳುತ್ತವೆ. ಊರಿನ ಮೆಕ್ಯಾನಿಕ್ ಅವುಗಳನ್ನು ಬಿಚ್ಚಿ ಸ್ವಚ್ಛಗೊಳಿಸಿ ಮತ್ತೆ ಜೋಡಿಸಬಲ್ಲನು.

ಹೊಸ ಎಂಜಿನ್‌ಗಳ ಮಾತೇ ಬೇರೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ ಮತ್ತು 2023ರ ಜನವರಿಯಿಂದ ಹೊಸ ಹೊಗೆ ನಿಯಮಕ್ಕೆ ಒಳಪಟ್ಟ 50 ಅಶ್ವಶಕ್ತಿಗೂ ಮೇಲಿನ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್ ನಿಯಂತ್ರಿತ, ಅತಿ ಹೆಚ್ಚಿನ ಒತ್ತಡದ ಇಂಧನ ವ್ಯವಸ್ಥೆಯಿದೆ. ಅವುಗಳಿಗೆ ಕಚ್ಚಾ ಎಣ್ಣೆ ಹಾಕಿದರೆ ಬಹಳ ದುಬಾರಿಯಾದ ಬಿಡಿಭಾಗಗಳು ಕೆಡುತ್ತವೆ, ತಯಾರಕರ ವಾರಂಟಿಯೂ ಹೋಗುತ್ತದೆ. ಗ್ರಾಮ ಪಂಚಾಯಿತಿಯ ಕಸದ ವಾಹನ, ಹೊಸ ಜನರೇಟರ್, ರೈತರು ಸಾಲದ ಮೇಲೆ ಕೊಂಡ ಹೊಸ ಟ್ರ್ಯಾಕ್ಟರ್ ಇವುಗಳ ಮೇಲೆ ಪ್ರಯೋಗ ಸಲ್ಲದು. ರಸ್ತೆಯಲ್ಲಿ ಓಡುವ ವಾಹನದ ಎಂಜಿನ್ ವ್ಯವಸ್ಥೆಯನ್ನು ಅನುಮತಿಯಿಲ್ಲದೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆ ನಿರ್ಬಂಧಿಸುತ್ತದೆ ಎಂಬುದನ್ನೂ ಗಮನಿಸಬೇಕು.

ಲಾಭವೋ ನಷ್ಟವೋ: ಒಂದು ಮಾದರಿ ಲೆಕ್ಕ

ಕೆಳಗಿನ ದರಗಳು ಉದಾಹರಣೆಗಾಗಿ ಮಾತ್ರ. ಸದಸ್ಯರು ತಮ್ಮ ಊರಿನ ಅಂದಿನ ದರಗಳನ್ನು ಹಾಕಿ ನೋಡಬೇಕು.

ಹೊಂಗೆ ಬೀಜ ಕಿಲೋಗೆ 30 ರೂಪಾಯಿ ಎಂದಾದರೆ 4 ಕಿಲೋಗೆ 120 ರೂಪಾಯಿ. ಗಾಣದ ಕೂಲಿ 10 ರೂಪಾಯಿ ಸೇರಿ 130. ಹಿಂಡಿ ಕಿಲೋಗೆ 18 ರೂಪಾಯಿಯಂತೆ 3 ಕಿಲೋ ಮಾರಿದರೆ 54 ರೂಪಾಯಿ ಮರಳುತ್ತದೆ. ಒಂದು ಲೀಟರ್ ಎಣ್ಣೆಯ ನಿವ್ವಳ ವೆಚ್ಚ 76 ರೂಪಾಯಿ. ಎಣ್ಣೆಯ ಶಾಖಶಕ್ತಿ ಸ್ವಲ್ಪ ಕಡಿಮೆಯಾದ್ದರಿಂದ ಒಂದು ಲೀಟರ್ ಡೀಸೆಲ್ಲಿನ ಕೆಲಸಕ್ಕೆ ಸುಮಾರು 1.05 ಲೀಟರ್ ಎಣ್ಣೆ ಬೇಕು. ಅಂದರೆ 80 ರೂಪಾಯಿ. ಡೀಸೆಲ್ 90 ರೂಪಾಯಿ ಇದ್ದರೆ ಲೀಟರಿಗೆ 10 ರೂಪಾಯಿ ಉಳಿತಾಯ.

ಈಗ ಬೀಜದ ದರವನ್ನು ಕೇವಲ 5 ರೂಪಾಯಿ ಏರಿಸಿ ನೋಡಬೇಕು. 4 ಕಿಲೋಗೆ 140, ಕೂಲಿ ಸೇರಿ 150, ಹಿಂಡಿಯ 54 ಕಳೆದು 96, ಅದರ 1.05 ಪಟ್ಟು 101 ರೂಪಾಯಿ. ಉಳಿತಾಯದ ಜಾಗದಲ್ಲಿ ಲೀಟರಿಗೆ 11 ರೂಪಾಯಿ ನಷ್ಟ. ಹೆಚ್ಚುವರಿ ಎಂಜಿನ್ ಆಯಿಲ್, ಫಿಲ್ಟರುಗಳ ಖರ್ಚು ಇದರ ಮೇಲೆ. ಬೀಜದ ದರ 20 ರೂಪಾಯಿಗೆ ಇಳಿದರೆ ಅದೇ ಲೆಕ್ಕ 38 ರೂಪಾಯಿಗೆ ಬಂದು ನಿಲ್ಲುತ್ತದೆ. ಆದರೆ ಆಗ ಬೀಜ ಆಯ್ದ ಹೆಣ್ಣುಮಕ್ಕಳ ಕೈಗೆ ಬರುವ ಕೂಲಿಯೂ ಇಳಿಯುತ್ತದೆ.

ಈ ಲೆಕ್ಕದ ತಾತ್ಪರ್ಯ ಸ್ಪಷ್ಟ. ಪೇಟೆಯಿಂದ ಬೀಜ ಕೊಂಡು ಎಣ್ಣೆ ತೆಗೆದು ಡೀಸೆಲ್ಲಿನ ಬದಲು ಸುಡುವುದು ಭದ್ರವಾದ ಕೆಲಸವಲ್ಲ. ಬೀಜವನ್ನು ಊರಿನಲ್ಲೇ ಸಂಗ್ರಹಿಸಿ, ಹಿಂಡಿಯನ್ನು ಊರಿನ ಹೊಲಗಳಿಗೇ ಬಳಸಿ, ದರ ಏರಿದ ವರ್ಷ ಬೀಜವನ್ನು ಮಾರಿ ಡೀಸೆಲ್ ಕೊಳ್ಳುವ ಸ್ವಾತಂತ್ರ್ಯ ಉಳಿಸಿಕೊಂಡ ಊರಿಗೆ ಮಾತ್ರ ಇದು ಲಾಭದಾಯಕ.

ಪ್ರಮಾಣವನ್ನೂ ನೋಡಬೇಕು. 5 ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು 1 ಲೀಟರ್ ಡೀಸೆಲ್ ಕುಡಿಯುತ್ತದೆ. ದಿನಕ್ಕೆ 4 ಗಂಟೆಯಂತೆ 100 ದಿನಕ್ಕೆ 400 ಲೀಟರ್. ಅದಕ್ಕೆ 420 ಲೀಟರ್ ಎಣ್ಣೆ, ಅಂದರೆ ಸುಮಾರು 1.7 ಟನ್ ಬೀಜ ಬೇಕು. ಬಲಿತ ಮರವೊಂದಕ್ಕೆ 10ರಿಂದ 20 ಕಿಲೋ ಎಂದು ಹಿಡಿದರೆ 85ರಿಂದ 170 ಮರಗಳು. ಊರಿನಲ್ಲಿ ಇಷ್ಟು ಮರಗಳಿವೆಯೇ ಎಂದು ಎಣಿಸಿ ನೋಡುವುದೇ ಮೊದಲ ಹೆಜ್ಜೆ. ಇಂದು ನೆಟ್ಟ ಸಸಿ ಬೀಜ ಕೊಡಲು ನಾಲ್ಕರಿಂದ ಏಳು ವರ್ಷ ಬೇಕು. ಆದ್ದರಿಂದ ಎಂಜಿನ್ ಬದಲಾಯಿಸುವ ಮಾತಿಗಿಂತ ಮರ ಬೆಳೆಸುವ ಮಾತು ಮುಂದಿರಬೇಕು.

ಮರ, ಬೀಜ ಮತ್ತು ಗ್ರಾಮ ಪಂಚಾಯಿತಿ

ಗುಂಡುತೋಪಿನ ಹುಣಸೆಯ ಫಸಲನ್ನು ಹರಾಜು ಹಾಕುವುದು ಗ್ರಾಮ ಪಂಚಾಯಿತಿಗಳಿಗೆ ಹೊಸದಲ್ಲ. ಹೊಂಗೆಯ ಫಸಲನ್ನು ಮಾತ್ರ ಬಹುತೇಕ ಕಡೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕಾಯಿ ಬಲಿಯುವುದು ಬೇಸಿಗೆಯ ಆರಂಭದಲ್ಲಿ, ಹೊಲದ ಕೆಲಸ ಮುಗಿದು ಕೂಲಿ ಕಡಿಮೆಯಾಗುವ ಹೊತ್ತಿನಲ್ಲಿ. ಆಗ ಬೀಜ ಆಯುವ ಕೆಲಸವನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಿ, ಸರಿಯಾದ ತೂಕ ಮತ್ತು ಅಂದೇ ಪಾವತಿಯ ವ್ಯವಸ್ಥೆ ಮಾಡಿದರೆ, ಎಂಜಿನ್ನಿನ ಮಾತು ಕೈಗೂಡದಿದ್ದರೂ ಈ ಆದಾಯ ಉಳಿಯುತ್ತದೆ. ಮರ ನಿಂತಿರುವ ಭೂಮಿ ಪಂಚಾಯಿತಿಯದೋ, ಅರಣ್ಯ ಇಲಾಖೆಯದೋ, ಲೋಕೋಪಯೋಗಿ ಇಲಾಖೆಯದೋ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಸಸಿ ನೆಡುವಾಗ ಜತ್ರೋಫಾದ ಅನುಭವವನ್ನು ನೆನಪಿಡಬೇಕು. 2000ದ ದಶಕದಲ್ಲಿ ದೇಶದಾದ್ಯಂತ ಅದನ್ನು ಬಂಜರು ಭೂಮಿಯ ಬಂಗಾರವೆಂದು ಸಾರಲಾಯಿತು. ನೀರು, ಗೊಬ್ಬರವಿಲ್ಲದ ನೆಲದಲ್ಲಿ ಹೇಳಿದಷ್ಟು ಇಳುವರಿ ಬರಲಿಲ್ಲ. ನಂಬಿ ನೆಟ್ಟ ರೈತರು ಕಿತ್ತುಹಾಕಿದರು. ಆದ್ದರಿಂದ ಬೆಳೆ ಬೆಳೆಯುವ ಹೊಲವನ್ನು ಇಂಧನದ ಗಿಡಕ್ಕೆ ಬಿಡಲು ಯಾವ ರೈತನಿಗೂ ಸಲಹೆ ನೀಡಬಾರದು. ಬದು, ರಸ್ತೆಬದಿ, ಶಾಲೆಯ ಆವರಣ, ಕೆರೆಯ ಏರಿಯ ಹೊರಮಗ್ಗುಲು ಇವೇ ಹೊಂಗೆಗೆ ಸೂಕ್ತ ಜಾಗಗಳು.

ಮೋಸದ ಬಗ್ಗೆ ಎಚ್ಚರಿಕೆ

ಡೀಸೆಲ್ ದರ ಏರಿದಾಗ ಪವಾಡದ ಮಾರಾಟಗಾರರೂ ಬರುತ್ತಾರೆ. 1996ರಲ್ಲಿ ತಮಿಳುನಾಡಿನಲ್ಲಿ ಒಬ್ಬನು ನೀರಿಗೆ ಗಿಡಮೂಲಿಕೆ ಬೆರೆಸಿ ಪೆಟ್ರೋಲ್ ಮಾಡುವುದಾಗಿ ಹೇಳಿ ದೇಶದ ಗಮನ ಸೆಳೆದನು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ 2016ರಲ್ಲಿ ಅವನಿಗೆ ಶಿಕ್ಷೆಯಾಯಿತು. ನೀರು ಇಂಧನವಲ್ಲ, ಅದು ಆಗಲೇ ಉರಿದು ಮುಗಿದ ಜಲಜನಕ. ನೀರಿನಿಂದ ಅರ್ಧ ಡೀಸೆಲ್ ಉಳಿಸುವ ಪೆಟ್ಟಿಗೆ, ಟ್ಯಾಂಕಿಗೆ ಹಾಕುವ ಗುಳಿಗೆ, ಅಯಸ್ಕಾಂತದ ಕಟ್ಟು ಇಂತಹ ಯಾವುದಕ್ಕೂ ಪಂಚಾಯಿತಿಯ ನಿಧಿಯಿಂದ ಹಣ ನೀಡಬಾರದು.

ಬಯೋಡೀಸೆಲ್ ಎಂಬ ಹೆಸರಿನಲ್ಲಿ ಬೇರೆ ರಾಸಾಯನಿಕಗಳ ಮಿಶ್ರಣವನ್ನು ಡ್ರಮ್ಮಿನಲ್ಲಿ ಮಾರುವುದೂ ಉಂಟು. ಐಎಸ್ 15607ರ ಪರೀಕ್ಷಾ ವರದಿ ಮತ್ತು ಮಾರಾಟದ ನೋಂದಣಿ ತೋರಿಸಲಾಗದವರಿಂದ ಕೊಳ್ಳಬಾರದು. ಸೀಮೆಎಣ್ಣೆ ಬೆರೆಸುವುದು ಪರ್ಯಾಯ ಇಂಧನವಲ್ಲ, ಅದು ಕಲಬೆರಕೆ. ಕಾನೂನಿಗೆ ವಿರುದ್ಧ, ಫ್ಯೂಯಲ್ ಪಂಪಿಗೂ ಹಾನಿ. ಎಥನಾಲ್ ಪೆಟ್ರೋಲಿಗೆ ಬೆರೆಯುತ್ತದೆಂದು ಡೀಸೆಲ್ಲಿಗೂ ಬೆರೆಸಲಾಗದು. ಅದು ಡೀಸೆಲ್ಲಿನಿಂದ ಬೇರ್ಪಡುತ್ತದೆ, ಒತ್ತಡದ ಶಾಖದಲ್ಲಿ ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ.

ಎಂಜಿನ್ನೇ ಬೇಡವಾದ ಕಡೆ

ಪುರ, ಹೊಸಹಳ್ಳಿಗಳ ಪ್ರಯೋಗ ನಡೆದ ಕಾಲದಲ್ಲಿ ಹಳ್ಳಿಯ ವಿದ್ಯುತ್ ಅತ್ಯಂತ ಅನಿಶ್ಚಿತವಾಗಿತ್ತು. ಸೌರ ಫಲಕ ಬಹಳ ದುಬಾರಿಯಾಗಿತ್ತು. ಇಂದು ಆ ಎರಡೂ ಸ್ಥಿತಿಗಳು ಬದಲಾಗಿವೆ. ಒಂದೇ ಸ್ಥಳದಲ್ಲಿ ನಿಂತು ಹಗಲಿನಲ್ಲಿ ನೀರೆತ್ತುವ ಪಂಪಿಗೆ ಸೌರಶಕ್ತಿ ಹೆಚ್ಚು ಸರಳ ಪರಿಹಾರ. ರೈತರ ಪಂಪುಗಳಿಗಾಗಿ 2019ರಲ್ಲಿ ಪಿಎಂ-ಕುಸುಮ್ ಯೋಜನೆಯೂ ಆರಂಭವಾಯಿತು. ವಿದ್ಯುತ್ ಮೀಟರ್ ಇರುವ ಕಡೆ ಪಂಪಿನ ದಕ್ಷತೆಯನ್ನು ಸರಿಪಡಿಸುವುದು, ಸೋರುವ ಪೈಪನ್ನು ದುರಸ್ತಿ ಮಾಡುವುದು ಯಾವ ಹೊಸ ಇಂಧನಕ್ಕಿಂತಲೂ ಅಗ್ಗ. ಸರಿಯಾದ ನಾಜಲ್, ಸ್ವಚ್ಛ ಏರ್ ಫಿಲ್ಟರ್, ಬೆಲ್ಟಿನ ಬಿಗಿ ಇಷ್ಟರಿಂದಲೇ ಇರುವ ಎಂಜಿನ್ನಿನ ಡೀಸೆಲ್ ಬಳಕೆ ತಗ್ಗುತ್ತದೆ. ಪರ್ಯಾಯ ಇಂಧನ ತನ್ನ ಸ್ಥಾನವನ್ನು ಕಂಡುಕೊಳ್ಳುವುದು ಇವುಗಳ ನಂತರ: ಸೂರ್ಯನೂ ತಂತಿಯೂ ತಲುಪದ ಕೆಲಸಕ್ಕೆ, ಊರಿನಲ್ಲಿ ಹಳೆಯ ಗಟ್ಟಿ ಎಂಜಿನ್ ಇರುವಾಗ, ಕಚ್ಚಾ ಸಾಮಗ್ರಿ ವರ್ಷವಿಡೀ ದೊರೆಯುವಾಗ.

ಠರಾವಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಈ ಎಂಜಿನ್ ಯಾವ ಕೆಲಸ ಮಾಡುತ್ತಿದೆ? ಅದು ನಿಂತರೆ ಊರಿಗೆ ಏನು ತಪ್ಪುತ್ತದೆ? ಕುಡಿಯುವ ನೀರಾದರೆ ಪ್ರಯೋಗ ಅದರ ಮೇಲೆ ಆರಂಭವಾಗಬಾರದು.

2. ಕಳೆದ ಒಂದು ವರ್ಷದಲ್ಲಿ ಅದು ಎಷ್ಟು ಗಂಟೆ ಓಡಿದೆ, ಎಷ್ಟು ಲೀಟರ್ ಕುಡಿದಿದೆ? ಲಾಗ್ ಪುಸ್ತಕವಿಲ್ಲದಿದ್ದರೆ ಮೊದಲು ಮೂರು ತಿಂಗಳು ಲಾಗ್ ಬರೆಯಬೇಕು.

3. ಬೀಜ, ಸಗಣಿ ಅಥವಾ ಕಟ್ಟಿಗೆ ಎಷ್ಟು ದೊರೆಯುತ್ತದೆ? ಯಾರು ತರುತ್ತಾರೆ, ತಂದವರಿಗೆ ಯಾವ ದರ, ಯಾವ ದಿನ ಪಾವತಿ?

4. ಎಂಜಿನ್ನಿನ ವಯಸ್ಸು, ಮಾದರಿ, ವಾರಂಟಿಯ ಸ್ಥಿತಿಯೇನು? ತಯಾರಕರು ಲಿಖಿತವಾಗಿ ಒಪ್ಪುವರೇ?

5. ನಿರ್ವಹಿಸುವ ವ್ಯಕ್ತಿ ಯಾರು? ಅವನು ರಜೆಯಲ್ಲಿದ್ದರೆ ಬದಲಿ ಯಾರು? ಇಬ್ಬರಿಗೂ ತರಬೇತಿಯಾಗಿದೆಯೇ?

6. ಬೀಜದ ದರ ಏರಿದರೆ, ಡೀಸೆಲ್ ದರ ಇಳಿದರೆ ಲೆಕ್ಕ ಎಲ್ಲಿಗೆ ಬರುತ್ತದೆ?

7. ಬೆಂಕಿ, ವಿಷಾನಿಲ, ಮೆಥನಾಲ್ ಇವುಗಳ ಅಪಾಯಕ್ಕೆ ಏನು ವ್ಯವಸ್ಥೆ?

ಈ ಏಳು ಪ್ರಶ್ನೆಗಳಿಗೆ ಗ್ರಾಮಸಭೆಯಲ್ಲಿ ಬಾಯಿಮಾತಿನ ಉತ್ತರ ಸಾಲದು, ಬರವಣಿಗೆಯ ಉತ್ತರ ಬೇಕು. ಉತ್ತರ ದೊರೆತ ಮೇಲೂ ಒಂದೇ ಹಳೆಯ ಎಂಜಿನ್ನಿನ ಮೇಲೆ, ಒಂದು ಹಂಗಾಮಿನ ಮಟ್ಟಿಗೆ, ಜಿಲ್ಲಾ ಪಂಚಾಯಿತಿಯ ಅಥವಾ ಸಮೀಪದ ಎಂಜಿನಿಯರಿಂಗ್ ಕಾಲೇಜಿನ ತಾಂತ್ರಿಕ ಸಲಹೆಯೊಂದಿಗೆ ಆರಂಭಿಸುವುದು ಲೇಸು. ಹಂಗಾಮು ಮುಗಿದಾಗ ನಾಜಲ್ ಬಿಚ್ಚಿ ನೋಡಬೇಕು, ಲಾಗ್ ಪುಸ್ತಕವನ್ನು ಸಭೆಯಲ್ಲಿ ಓದಬೇಕು. ನಷ್ಟವಾಗಿದ್ದರೆ ಅದನ್ನೂ ಹಾಗೆಯೇ ದಾಖಲಿಸಬೇಕು. ನೆರೆಯ ಪಂಚಾಯಿತಿಗೆ ಅದೇ ತಪ್ಪು ಮರುಕಳಿಸದಂತೆ ಉಪಯೋಗವಾಗುವುದು ಅಂತಹ ದಾಖಲೆಯೇ.

ಇಷ್ಟರ ನಡುವೆಯೂ ಯಾವ ಪರೀಕ್ಷೆಗೂ ಕಾಯದೆ ಈ ಮಳೆಗಾಲದಲ್ಲೇ ಮಾಡಬಹುದಾದ ಕೆಲಸಗಳು ಎರಡಿವೆ: ಊರಿನ ಹೊಂಗೆ ಮರಗಳನ್ನು ಎಣಿಸಿ ಪುಸ್ತಕಕ್ಕೆ ಬರೆಯುವುದು, ಬರಿದಾದ ಬದುಗಳಲ್ಲಿ ಹೊಂಗೆಯ ಸಸಿ ನೆಡುವುದು. ಎಂಜಿನ್ನಿನ ಇಂಧನ ಯಾವುದೇ ಆಗಲಿ, ಆ ಮರ ನೆರಳು, ಹಸಿರೆಲೆ ಗೊಬ್ಬರ ಮತ್ತು ಬೀಜವನ್ನು ಊರಿಗೆ ಕೊಡುತ್ತಲೇ ಇರುತ್ತದೆ.